ಆಮದು ಯೆರ್ಬಾ ಮಾಟೆ: ಅಂಗಡಿಗಳ ಬೆಲೆಯನ್ನು ಯಾವ ಅಳತೆಯಲ್ಲಿ ಹೋಲಿಸಬೇಕು?

ಕಹಿಪ್ರಿಯ

ಯೆರ್ಬಾ ಮಾಟೆ ಎಂದರೆ ದಕ್ಷಿಣ ಅಮೆರಿಕದ ಒಂದು ಮರದ ಒಣಗಿಸಿದ ಎಲೆಯಿಂದ ಮಾಡುವ ಕಹಿ ಪಾನೀಯ, ಅದರ ಎಲೆಯನ್ನು ಬರೀ ಯೆರ್ಬಾ ಎಂದೂ ಕರೆಯುತ್ತಾರೆ. ಅದನ್ನು ನಿತ್ಯ ಕುಡಿಯುವವರು, ಅದೂ ಅದು ಬೆಳೆಯದ ದೇಶಗಳಲ್ಲಿ ಇದ್ದುಕೊಂಡು ಕುಡಿಯುವವರು, ಅಂಗಡಿಗಳ ಬೆಲೆಯನ್ನು ಹೋಲಿಸದೆ ಇರಲಾರರು. ಒಂದೇ ಬ್ರ್ಯಾಂಡಿನ ಒಂದೇ ತೂಕದ ಪೊಟ್ಟಣ ಒಂದು ಆನ್‌ಲೈನ್ ಅಂಗಡಿಯಲ್ಲಿ ಕಾಣುವ ಬೆಲೆಗೂ ಇನ್ನೊಂದರಲ್ಲಿ ಕಾಣುವ ಬೆಲೆಗೂ ಅಜಗಜಾಂತರ. ಅರ್ಜೆಂಟೀನಾದ ತಾರಾಗ್ವಿ, ರೋಸಾಮೊಂತೆ, ಪ್ಲಾಯಾದಿತೊ, ಪರಾಗ್ವೆಯ ಪಾಹಾರಿತೊ, ಉರುಗ್ವೆಯವರು ಕುಡಿಯುವ ಕನಾರಿಯಾಸ್, ಬ್ರೆಜಿಲ್ಲಿನ ಹಸಿರು ಮಾಟೆ, ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದು ಬೆಲೆಯ ಪ್ರಕಾರ ಜೋಡಿಸಿದರೆ ಸಿಗುವ ಉತ್ತರವನ್ನು ನಂಬಬಹುದೇ ಎಂಬುದು ನನ್ನ ಪ್ರಶ್ನೆ.

ನಾನು ತಯಾರಿಸಿರುವ ಪಟ್ಟಿಯಲ್ಲಿ 250 ಗ್ರಾಂ, 500 ಗ್ರಾಂ ಮತ್ತು 1 ಕಿಲೋ ಪೊಟ್ಟಣಗಳಿವೆ, ಟೀ ಬ್ಯಾಗ್‌ನಂಥ ಪುಟ್ಟ ಚೀಲಗಳಲ್ಲಿ ಬರುವ ಮಾಟೆಯೂ ಇದೆ. ಕೆಲವು ಅಂಗಡಿಗಳು ಸಾಗಣೆ ವೆಚ್ಚವನ್ನು ಬೆಲೆಯೊಳಗೇ ಸೇರಿಸಿವೆ, ಕೆಲವು ಹಣ ಪಾವತಿಸುವ ಕೊನೆಯ ಪುಟದಲ್ಲಿ ಮಾತ್ರ ತೋರಿಸುತ್ತವೆ. ಕೆಲವು ವಿದೇಶದಿಂದ ನೇರವಾಗಿ ಕಳಿಸುವುದರಿಂದ ಸುಂಕವನ್ನು ಕೊಳ್ಳುವವರೇ ಕಟ್ಟಬೇಕಾಗುತ್ತದೆ. ಈ ವ್ಯತ್ಯಾಸಗಳನ್ನೆಲ್ಲ ಸರಿದೂಗಿಸಿ ನ್ಯಾಯವಾಗಿ ಹೋಲಿಸುವ ಒಂದು ಕ್ರಮವನ್ನು ಅನುಭವವಿರುವವರು ಇಲ್ಲಿ ತಿಳಿಸಿದರೆ ನನ್ನಂಥ ಅನೇಕರಿಗೆ ಉಪಕಾರವಾಗುತ್ತದೆ.

ಲೆಕ್ಕಿಗ

ಮೊದಲ ಹೆಜ್ಜೆ ಸರಳವಾದದ್ದು: ಎಲ್ಲವನ್ನೂ ಕಿಲೋ ಲೆಕ್ಕಕ್ಕೆ ತನ್ನಿ, ಮತ್ತು ಮನೆ ಬಾಗಿಲಿಗೆ ತಲುಪುವ ಹೊತ್ತಿಗೆ ತೆತ್ತ ಒಟ್ಟು ಹಣವನ್ನೇ ಬೆಲೆ ಎಂದು ಪರಿಗಣಿಸಿ. ಪುಟದ ಮೇಲೆ ದಪ್ಪ ಅಕ್ಷರಗಳಲ್ಲಿ ಕಾಣುವ ಅಂಕಿ ಬೆಲೆಯ ಒಂದು ಭಾಗ ಮಾತ್ರ.

ಯಾವ ದೇಶದ ನಾಣ್ಯವೂ ಬೇಡ, ಬರೀ ಅಂಕಿಗಳಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಅಂಗಡಿಯಲ್ಲಿ 500 ಗ್ರಾಂ ಪೊಟ್ಟಣಕ್ಕೆ 60, ಎರಡು ಕಿಲೋವರೆಗಿನ ಸಾಗಣೆಗೆ 30 ಎಂದಿರಲಿ. ಎರಡನೆಯ ಅಂಗಡಿಯಲ್ಲಿ 1 ಕಿಲೋ ಪೊಟ್ಟಣಕ್ಕೆ ಸಾಗಣೆಯೂ ಸೇರಿ 140 ಎಂದಿರಲಿ. ಮೊದಲ ಅಂಗಡಿಯಿಂದ ಒಂದೇ ಪೊಟ್ಟಣ ತರಿಸಿದರೆ ಅರ್ಧ ಕಿಲೋಗೆ 90, ಅಂದರೆ ಕಿಲೋಗೆ 180 ಬೀಳುತ್ತದೆ. ಅಲ್ಲಿಂದಲೇ ನಾಲ್ಕು ಪೊಟ್ಟಣ ತರಿಸಿದರೆ 240ಕ್ಕೆ 30 ಸೇರಿ ಎರಡು ಕಿಲೋಗೆ 270, ಅಂದರೆ ಕಿಲೋಗೆ 135. ಹಾಗಾಗಿ ಯಾವ ಅಂಗಡಿ ಅಗ್ಗ ಎಂಬ ಪ್ರಶ್ನೆಗೆ ನೀವು ಒಮ್ಮೆಗೆ ಎಷ್ಟು ಕೊಳ್ಳುತ್ತೀರಿ ಎಂಬುದನ್ನು ತಿಳಿಯದೆ ಉತ್ತರವೇ ಇಲ್ಲ. ಬೆಲೆಪಟ್ಟಿಗಳನ್ನು ಹಂಚಿಕೊಳ್ಳುವ ಹೆಚ್ಚಿನವರು ಒಂದು ಪೊಟ್ಟಣದ ಲೆಕ್ಕವನ್ನೇ ಬರೆಯುವುದರಿಂದ, ಎರಡು ಮೂರು ಕಿಲೋ ಒಟ್ಟಿಗೆ ಕೊಳ್ಳುವವರಿಗೆ ಆ ಪಟ್ಟಿಗಳು ದಾರಿ ತಪ್ಪಿಸುತ್ತವೆ.

ಚೀಲಗಳ ಮಾಟೆಯನ್ನು ಬೇರೆ ಪಟ್ಟಿಯಲ್ಲಿ ಇಡಿ. ತಲಾ 3 ಗ್ರಾಂನ 25 ಚೀಲಗಳಿರುವ ಪೆಟ್ಟಿಗೆಯಲ್ಲಿ ಇರುವುದು 75 ಗ್ರಾಂ ಮಾತ್ರ, ಒಂದು ಕಿಲೋ ಆಗಬೇಕಾದರೆ ಅಂಥ 13ಕ್ಕೂ ಹೆಚ್ಚು ಪೆಟ್ಟಿಗೆಗಳು ಬೇಕು. ಪೆಟ್ಟಿಗೆಯ ಬೆಲೆ ಕಡಿಮೆ ಎಂದು ಕಂಡರೂ ತೂಕದ ಲೆಕ್ಕದಲ್ಲಿ ಅದು ಬಿಡಿ ಎಲೆಗಿಂತ ಎಷ್ಟೋ ದುಬಾರಿ.

ಸುಂಕದ ಬಗ್ಗೆ ಎರಡು ಮಾತು. ಅಂತರರಾಷ್ಟ್ರೀಯ ಸರಕು ವರ್ಗೀಕರಣದಲ್ಲಿ ಮಾಟೆಗೆ ಪ್ರತ್ಯೇಕ ಶೀರ್ಷಿಕೆಯಿದೆ, ಅದರ ಸಂಖ್ಯೆ 0903. ಮಾಟೆಯ ಸಾರ, ಸಾಂದ್ರ ದ್ರವ, ಕರಗುವ ಪುಡಿ ಇವು 2101ರ ಅಡಿಯಲ್ಲಿ ಬರುತ್ತವೆ, ಅವಕ್ಕೆ ಬೇರೆ ದರ ಇರಬಹುದು. ಅನೇಕ ದೇಶಗಳಲ್ಲಿ ಸುಂಕವನ್ನು ಸರಕಿನ ಬೆಲೆಗೆ ವಿಮೆ ಮತ್ತು ಸಾಗಣೆಯನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುವುದರಿಂದ, ದುಬಾರಿ ಸಾಗಣೆಯನ್ನು ಆರಿಸಿಕೊಂಡರೆ ಅದರ ಮೇಲೂ ತೆರಿಗೆ ಕಟ್ಟಿದಂತಾಗುತ್ತದೆ. ಇದರ ಮೇಲೆ ಕೊರಿಯರ್ ಕಂಪನಿಗಳು ಸುಂಕ ತೀರಿಸಿಕೊಡುವ ಶುಲ್ಕವೆಂದು ಒಂದು ನಿಗದಿತ ಮೊತ್ತವನ್ನು ವಸೂಲಿ ಮಾಡುವುದುಂಟು. ಪಾರ್ಸೆಲ್ ಚಿಕ್ಕದಾದಷ್ಟೂ ಈ ಶುಲ್ಕದ ಹೊರೆ ಕಿಲೋ ಲೆಕ್ಕದಲ್ಲಿ ಹೆಚ್ಚುತ್ತದೆ.

ಹಸಿರೆಲೆ

ಲೆಕ್ಕಿಗರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದು ಒಂದೇ ಬಗೆಯ ಎರಡು ಪೊಟ್ಟಣಗಳ ನಡುವೆ ಮಾತ್ರ ಸಲ್ಲುತ್ತದೆ. ಪೊಟ್ಟಣದ ಒಳಗೆ ಏನಿದೆ ಎಂದು ನೋಡದೆ ಕಿಲೋ ಬೆಲೆಯನ್ನು ಹೋಲಿಸುವುದು ವ್ಯರ್ಥ.

ಅರ್ಜೆಂಟೀನಾದ ಆಹಾರ ಸಂಹಿತೆಯ ಪ್ರಕಾರ 'ಕೊನ್ ಪಾಲೊ' (ಕಡ್ಡಿಸಹಿತ) ಎಂದು ಮಾರುವ ಯೆರ್ಬಾದಲ್ಲಿ ಎಲೆಯ ಭಾಗ ಕನಿಷ್ಠ ಶೇ. 65 ಇರಬೇಕು, ಉಳಿದ ಶೇ. 35ರವರೆಗೆ ಕಡ್ಡಿ ಇರಬಹುದು. 'ದೆಸ್ಪಲಾದಾ' ಅಥವಾ 'ಸಿನ್ ಪಾಲೊ' (ಕಡ್ಡಿರಹಿತ) ಎಂಬುದರಲ್ಲಿ ಎಲೆ ಕನಿಷ್ಠ ಶೇ. 90 ಇರಬೇಕು. ಆದ್ದರಿಂದ ಒಂದೇ ಬ್ರ್ಯಾಂಡಿನ ಈ ಎರಡು ಪೊಟ್ಟಣಗಳ ಬೆಲೆ ಬೇರೆಯಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಂಗಡಿಗಳ ಪುಟಗಳಲ್ಲಿ ಎಷ್ಟೋ ಸಲ ಬ್ರ್ಯಾಂಡಿನ ಹೆಸರು ಮತ್ತು ತೂಕವನ್ನು ಮಾತ್ರ ಬರೆದಿರುತ್ತಾರೆ, ಕಡ್ಡಿ ಇರುವುದೋ ಇಲ್ಲದ್ದೋ ಎಂಬುದನ್ನು ಚಿತ್ರವನ್ನು ಹಿಗ್ಗಿಸಿ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳಿಂದ ಓದಿಕೊಳ್ಳಬೇಕಾಗುತ್ತದೆ.

ಹೊಸ ಬ್ರ್ಯಾಂಡನ್ನು ತೆರೆದಾಗ ನಾನು ಮಾಡುವ ಪರೀಕ್ಷೆ ಇದು. ಪೊಟ್ಟಣವನ್ನು ಚೆನ್ನಾಗಿ ಅಲುಗಾಡಿಸಿ, ಏಕೆಂದರೆ ಸಾಗಣೆಯಲ್ಲಿ ಪುಡಿಯೆಲ್ಲ ತಳಕ್ಕೆ ಇಳಿದಿರುತ್ತದೆ, ಒಂದು ಹಿಡಿಯನ್ನು ಬಿಳಿಯ ಕಾಗದದ ಮೇಲೆ ಸುರಿದು ಹರಡುತ್ತೇನೆ. ಎಲೆಯ ಚೂರುಗಳು, ತಿಳಿ ಬಣ್ಣದ ಕಡ್ಡಿಗಳು, ಹಿಟ್ಟಿನಂಥ ಪುಡಿ, ಈ ಮೂರೂ ಬೇರೆಬೇರೆಯಾಗಿ ಕಣ್ಣಿಗೆ ಬೀಳುತ್ತವೆ. ಕಾಗದವನ್ನು ಮೆಲ್ಲಗೆ ಓರೆ ಮಾಡಿದರೆ ಕಡ್ಡಿ ಮತ್ತು ದಪ್ಪ ಎಲೆ ಜಾರಿ ಹೋಗಿ ಪುಡಿ ಮಾತ್ರ ಮಸುಕು ಹಸಿರಾಗಿ ಕಾಗದಕ್ಕೆ ಅಂಟಿಕೊಂಡು ಉಳಿಯುತ್ತದೆ. ಎಲೆಯ ಚೂರನ್ನು ಬೆರಳ ನಡುವೆ ಹಿಸುಕಿದಾಗ ಗರಿಗರಿಯಾಗಿ ಮುರಿಯಬೇಕು. ಬಾಗಿ ಮೆತ್ತಗಾದರೆ ಆ ಪೊಟ್ಟಣ ಎಲ್ಲೋ ತೇವ ಹೀರಿದೆ ಎಂದು ಅರ್ಥ, ಆಗ ಅದು ಎಷ್ಟು ಅಗ್ಗಕ್ಕೆ ಸಿಕ್ಕಿದ್ದರೂ ಲಾಭವಿಲ್ಲ.

ಇನ್ನು ತಯಾರಿಕೆಯ ವ್ಯತ್ಯಾಸ. ಕೊಯ್ದ ಎಲೆಯನ್ನು ಮೊದಲು ಕ್ಷಣಕಾಲ ಬೆಂಕಿಯ ಜ್ವಾಲೆಗೆ ಒಡ್ಡುತ್ತಾರೆ, ಆಮೇಲೆ ಒಣಗಿಸಿ ಒರಟಾಗಿ ಪುಡಿ ಮಾಡುತ್ತಾರೆ. ಅರ್ಜೆಂಟೀನಾ ಮತ್ತು ಪರಾಗ್ವೆಗಳಲ್ಲಿ ಇದಾದ ನಂತರ ಅದನ್ನು ಮಾಗಲು ಬಿಡುವ ಹಂತ ಬರುತ್ತದೆ. ಸಹಜವಾಗಿ ಮಾಗಬೇಕಾದರೆ ಒಂಬತ್ತು ತಿಂಗಳಿಂದ ಎರಡು ವರ್ಷದವರೆಗೆ ಗೋದಾಮಿನಲ್ಲಿ ಇಡಬೇಕು, ಉಷ್ಣತೆ ಮತ್ತು ತೇವಾಂಶವನ್ನು ನಿಯಂತ್ರಿಸಿದ ಕೋಣೆಗಳಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಎರಡು ವರ್ಷ ಸರಕನ್ನು ಕೂಡಿಟ್ಟುಕೊಳ್ಳುವವನ ಬಂಡವಾಳ ಅಷ್ಟು ಕಾಲವೂ ಸಿಕ್ಕಿಕೊಂಡಿರುತ್ತದೆ, ಆ ವೆಚ್ಚ ಬೆಲೆಯಲ್ಲಿ ಕಾಣಿಸಿಕೊಳ್ಳುವುದು ನ್ಯಾಯವೇ. ಬ್ರೆಜಿಲ್ಲಿನ ದಕ್ಷಿಣ ರಾಜ್ಯಗಳಲ್ಲಿ, ಮುಖ್ಯವಾಗಿ ರಿಯೊ ಗ್ರಾಂಡೆ ದೊ ಸುಲ್‌ನಲ್ಲಿ, ಶಿಮರ‍್ರಾವ್ ಎಂದು ಕುಡಿಯುವುದನ್ನು ಮಾಗಿಸದೆ, ನುಣ್ಣಗೆ ಬೀಸಿ, ಕಡು ಹಸಿರು ಬಣ್ಣದಲ್ಲೇ ಮಾರುತ್ತಾರೆ. ಅದರ ಗುಣ ಇರುವುದು ತಾಜಾತನದಲ್ಲಿ. ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾವುದು ಅಗ್ಗ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ತಂಪುನೀರು

ಹಸಿರೆಲೆಯವರ ಬರಹದಲ್ಲಿ ಒಂದು ಸೂಚನೆ ಅಡಗಿದೆ, ಅದನ್ನು ಹಾಗೇ ಬಿಟ್ಟರೆ ಹೊಸಬರು ತಪ್ಪು ತಿಳಿಯಬಹುದು. ಕಡ್ಡಿ ಎಂದರೆ ಕಲಬೆರಕೆಯಲ್ಲ. ಕಡ್ಡಿ ಇರುವುದರಿಂದ ಎಲೆಗಳ ನಡುವೆ ನೀರು ಹರಿಯಲು ಜಾಗವಾಗುತ್ತದೆ, ಬೊಂಬಿಯಾ, ಅಂದರೆ ಮಾಟೆಯನ್ನು ಸೋಸಿ ಹೀರುವ ಕೊಳವೆ, ಕಟ್ಟಿಕೊಳ್ಳುವುದಿಲ್ಲ, ರುಚಿಯ ಕಹಿ ಹಿತವಾದ ಮಟ್ಟದಲ್ಲಿ ನಿಲ್ಲುತ್ತದೆ. ಅರ್ಜೆಂಟೀನಾದ ಜನ ಬಹುಪಾಲು ಕುಡಿಯುವುದು ಕಡ್ಡಿ ಇರುವುದನ್ನೇ. ಸಿನ್ ಪಾಲೊ ಹೆಚ್ಚು ಬೆಲೆಗೆ ಮಾರಾಟವಾದರೆ ಅದು ಮೇಲ್ದರ್ಜೆಯದು ಎಂದು ಭಾವಿಸಬೇಕಾಗಿಲ್ಲ, ಅದು ಬೇರೆ ರುಚಿ, ಅಷ್ಟೆ.

ನಾನು ಹೆಚ್ಚಾಗಿ ಕುಡಿಯುವುದು ತೆರೆರೆ, ಅಂದರೆ ತಣ್ಣೀರಿನಲ್ಲಿ ಮಾಡುವ ಪರಾಗ್ವೆಯ ಕ್ರಮ. 2020ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ತಣ್ಣೀರಿಗೆ ಒರಟಾಗಿ ಬೀಸಿದ, ಪುಡಿ ಕಡಿಮೆ ಇರುವ ಯೆರ್ಬಾ ಬೇಕು. ಕನಾರಿಯಾಸ್‌ನಂಥ ನುಣ್ಣನೆಯ ಯೆರ್ಬಾವನ್ನು ರಿಯಾಯಿತಿಯಲ್ಲಿ ಕೊಂಡು ತೆರೆರೆಗೆ ಬಳಸಲು ಹೋದರೆ ಕೊಳವೆಯಲ್ಲಿ ನೀರೇ ಬರುವುದಿಲ್ಲ. ಆದ್ದರಿಂದ ಹೋಲಿಕೆಯ ಮೊದಲ ಪ್ರಶ್ನೆ ನೀವು ಹೇಗೆ ಕುಡಿಯುತ್ತೀರಿ ಎಂಬುದಾಗಿರಬೇಕು. ಗಿಡಮೂಲಿಕೆ ಬೆರೆಸಿದ 'ಕೊಂಪುಯೆಸ್ತಾ' ಬಗೆಯನ್ನೂ ಬೇರೆ ಇಡಬೇಕು, ಏಕೆಂದರೆ ಅಲ್ಲಿ ನೀವು ಕೊಡುವ ಹಣದ ಒಂದು ಪಾಲು ಪುದೀನ ಮುಂತಾದ ಮೂಲಿಕೆಗಳಿಗೆ ಹೋಗುತ್ತದೆ.

ಲೆಕ್ಕಿಗ

ಇಬ್ಬರ ಮಾತಿನಿಂದಲೂ ನನ್ನ ಲೆಕ್ಕ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕೆಂದು ತೋರುತ್ತದೆ. ಕಿಲೋ ಬೆಲೆಯ ಬದಲು ಕುಡಿದ ಲೀಟರಿನ ಬೆಲೆಯನ್ನು ನೋಡೋಣ.

ಮಾಟೆ ಕುಡಿಯುವವರು ರುಚಿ ತೊಳೆದುಹೋದ ಸ್ಥಿತಿಯನ್ನು 'ಲಾವಾದೊ' ಎನ್ನುತ್ತಾರೆ. ಆ ಹಂತ ಬರುವ ತನಕ ಎಷ್ಟು ನೀರು ಸುರಿಯಬಹುದು ಎಂಬುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬಹಳ ಬೇರೆಯಾಗುತ್ತದೆ. ಇದನ್ನು ಅಳೆಯಲು ಅದೇ ಬುರುಡೆ (ಎಲೆ ತುಂಬಿ ಕುಡಿಯುವ ಪಾತ್ರೆ), ಅದೇ ಕೊಳವೆ, ತೂಗಿದ 50 ಗ್ರಾಂ ಎಲೆ, 70ರಿಂದ 80 ಡಿಗ್ರಿ ಸೆಲ್ಸಿಯಸ್‌ನ ನಡುವೆ ಆರಿಸಿಕೊಂಡ ಒಂದೇ ಉಷ್ಣತೆ, ಮತ್ತು ಅಳತೆ ಗುರುತಿರುವ ಫ್ಲಾಸ್ಕ್ ಸಾಕು. ಕುದಿಯುವ ನೀರನ್ನು ಬಳಸಿದರೆ ಎಲ್ಲ ಯೆರ್ಬಾವೂ ಬೇಗ ತೊಳೆದುಹೋಗುವುದರಿಂದ ಹೋಲಿಕೆ ಕೆಡುತ್ತದೆ.

ಕಿಲೋಗೆ 100 ಬೆಲೆಯ ಒಂದು ಯೆರ್ಬಾ 50 ಗ್ರಾಂಗೆ ಅರ್ಧ ಲೀಟರ್ ಕೊಟ್ಟು ಸಪ್ಪೆಯಾಯಿತು ಎನ್ನಿ. ಕಿಲೋಗೆ 150 ಬೆಲೆಯ ಇನ್ನೊಂದು ಅಷ್ಟೇ ತೂಕಕ್ಕೆ 900 ಮಿಲಿಲೀಟರ್ ಕೊಟ್ಟಿತು ಎನ್ನಿ. ಮೊದಲನೆಯದರ ಒಂದು ತುಂಬಿಕೆಗೆ 5, ಲೀಟರಿಗೆ 10. ಎರಡನೆಯದರ ತುಂಬಿಕೆಗೆ 7.5, ಆದರೆ ಲೀಟರಿಗೆ 8.33 ಮಾತ್ರ. ಪಟ್ಟಿಯಲ್ಲಿ ಅರ್ಧದಷ್ಟು ದುಬಾರಿ ಎಂದು ಕಂಡದ್ದು ಬಾಯಿಗೆ ಬರುವ ಹೊತ್ತಿಗೆ ಅಗ್ಗವಾಯಿತು. ಆದರೆ ಒಂದು ಷರತ್ತು: ನೀವು ಕೂತಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯದವರಾದರೆ ಎರಡನೆಯದರ ಉಳಿದ ಶಕ್ತಿ ಕಸದ ಬುಟ್ಟಿಗೆ ಹೋಗುತ್ತದೆ, ಆಗ ನಿಮಗೆ ಸಲ್ಲುವುದು ತುಂಬಿಕೆಯ ಬೆಲೆಯೇ. ಅಂಥವರು ಚಿಕ್ಕ ಬುರುಡೆ ಕೊಂಡು 30 ಗ್ರಾಂ ಹಾಕುವುದು ಯಾವ ರಿಯಾಯಿತಿಗಿಂತಲೂ ಹೆಚ್ಚು ಉಳಿತಾಯ ಕೊಡುತ್ತದೆ, ಏಕೆಂದರೆ ಕಿಲೋಗೆ 20 ಸಲ ಆಗುತ್ತಿದ್ದದ್ದು 33 ಸಲ ಆಗುತ್ತದೆ.

ಕಹಿಪ್ರಿಯ

ಲೀಟರಿನ ಲೆಕ್ಕ ನನಗೆ ಹೊಳೆದಿರಲಿಲ್ಲ, ಬಹಳ ಉಪಯುಕ್ತವಾಗಿದೆ. ಇನ್ನೊಂದು ಸಂದೇಹವನ್ನು ಮುಂದಿಡುತ್ತೇನೆ. ಕೆಲವು ಅಂಗಡಿಗಳು ಅವಧಿ ಮುಗಿಯುತ್ತ ಬಂದ ಪೊಟ್ಟಣಗಳನ್ನು ದೊಡ್ಡ ರಿಯಾಯಿತಿಯಲ್ಲಿ ಮಾರುತ್ತವೆ. ಹೇಗೂ ಎರಡು ವರ್ಷ ಮಾಗಿಸಿದ ಎಲೆ ತಾನೇ, ಇನ್ನು ಕೆಲವು ತಿಂಗಳಿಗೆ ಏನಾಗುತ್ತದೆ ಎಂಬ ವಾದವನ್ನೂ ಕೇಳಿದ್ದೇನೆ. ಅದನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು?

ಹಸಿರೆಲೆ

ಅರ್ಧ ಮಾತ್ರ ಒಪ್ಪಬಹುದು. ಮಾಗುವುದು ಪೊಟ್ಟಣ ಕಟ್ಟುವುದಕ್ಕಿಂತ ಮುಂಚೆ, ಒರಟು ಎಲೆಯ ರೂಪದಲ್ಲಿ, ಗೋದಾಮಿನಲ್ಲಿ ಆಗುವ ಕೆಲಸ. ಬೀಸಿ ಕಾಗದದ ಪೊಟ್ಟಣಕ್ಕೆ ತುಂಬಿದ ಮೇಲೆ ನಡೆಯುವುದು ಮಾಗುವಿಕೆಯಲ್ಲ, ಪರಿಮಳ ನಿಧಾನವಾಗಿ ಆರಿಹೋಗುವುದು. ಮಾಗಿದ ಯೆರ್ಬಾ ಚೆನ್ನಾಗಿ ಮುಚ್ಚಿದ ಪೊಟ್ಟಣದಲ್ಲಿ ಒಣಗಿದ ಸ್ಥಳದಲ್ಲಿದ್ದರೆ ಅವಧಿಯ ಕೊನೆಯ ತಿಂಗಳುಗಳಲ್ಲೂ ಕುಡಿಯಲು ಯೋಗ್ಯವಾಗಿಯೇ ಇರುತ್ತದೆ, ಸ್ವಲ್ಪ ಬೇಗ ಲಾವಾದೊ ಆಗುತ್ತದೆ. ಅಂಥದ್ದಕ್ಕೆ ನಿಜವಾಗಿ ದೊಡ್ಡ ರಿಯಾಯಿತಿ ಇದ್ದರೆ ನಾನು ಕೊಳ್ಳುತ್ತೇನೆ. ಬ್ರೆಜಿಲ್ಲಿನ ಹಸಿರು ಮಾಟೆಯನ್ನು ಮಾತ್ರ ಅವಧಿಯ ಕೊನೆಯಲ್ಲಿ ಯಾವ ಬೆಲೆಗೂ ಕೊಳ್ಳಬೇಡಿ. ಬಣ್ಣ ಹಳದಿಗೆ ತಿರುಗಿ ಅದರ ಸೊಗಸೆಲ್ಲ ಹೋಗಿರುತ್ತದೆ. ಅದನ್ನು ಕೊಳ್ಳುವಾಗ ನಿರ್ವಾತ ಪೊಟ್ಟಣವೇ ಎಂದು ಕೂಡ ವಿಚಾರಿಸಿ.

ಅವಧಿಯ ದಿನಾಂಕದ ಜೊತೆ ಪೊಟ್ಟಣ ಕಟ್ಟಿದ ದಿನಾಂಕವನ್ನೂ ಕೇಳುವುದು ಒಳ್ಳೆಯದು. ಸ್ಪ್ಯಾನಿಷ್ ಪೊಟ್ಟಣಗಳಲ್ಲಿ ಅವಧಿಗೆ 'ವೆನ್ಸಿಮಿಯೆಂತೊ' ಎಂದಿರುತ್ತದೆ. ಆಮದುದಾರರು ತಮ್ಮ ದೇಶದ ನಿಯಮಕ್ಕೆ ಅನುಗುಣವಾಗಿ ಅಂಟಿಸುವ ಚೀಟಿ ಕೆಲವೊಮ್ಮೆ ಸರಿಯಾಗಿ ಆ ಮುದ್ರಣದ ಮೇಲೆಯೇ ಬಂದು ಕೂರುತ್ತದೆ. ಒಂದು ಅಂಗಡಿಯಿಂದ ನನಗೆ ಬಂದ ಪೊಟ್ಟಣದ ಚೀಟಿಯನ್ನು ಬಿಡಿಸಿ ನೋಡಿದಾಗ ಕೆಳಗಿನ ದಿನಾಂಕ ಮೇಲಿನದಕ್ಕಿಂತ ಹಿಂದಿನದಾಗಿತ್ತು. ಅಂಗಡಿಯವರು ಹಣ ಮರಳಿಸಿದರಾದರೂ ಅಂದಿನಿಂದ ಮೂಲ ಮುದ್ರಣದ ಚಿತ್ರ ಕಳಿಸದ ಅಂಗಡಿಯಿಂದ ನಾನು ರಿಯಾಯಿತಿ ಸರಕನ್ನು ಕೊಳ್ಳುತ್ತಿಲ್ಲ.

ಗಡಿಯಾಚೆ

ಚರ್ಚೆಯನ್ನು ಓದುತ್ತಿದ್ದೆ. ಬೆಲೆಯ ಮೂಲದ ಬಗ್ಗೆ ಯಾರೂ ಬರೆಯದಿರುವುದರಿಂದ ಸೇರಿಸುತ್ತಿದ್ದೇನೆ. 'ಅರ್ಜೆಂಟೀನಾದಲ್ಲಿ ಎಲೆಯ ಬೆಲೆ ಇಳಿದಿದೆಯಂತೆ, ಅಂಗಡಿಗಳು ಯಾಕೆ ಇಳಿಸುತ್ತಿಲ್ಲ' ಎಂಬ ಪ್ರಶ್ನೆ ಆಗಾಗ ಬರುತ್ತದೆ.

ಅರ್ಜೆಂಟೀನಾದಲ್ಲಿ ಯೆರ್ಬಾ ಬೆಳೆಯುವುದು ಮಿಸಿಯೋನೆಸ್ ಪ್ರಾಂತದಲ್ಲಿ ಮತ್ತು ಕೊರಿಯೆಂತೆಸ್ ಪ್ರಾಂತದ ಈಶಾನ್ಯ ಭಾಗದಲ್ಲಿ. ಅಲ್ಲಿನ ರಾಷ್ಟ್ರೀಯ ಯೆರ್ಬಾ ಮಾಟೆ ಸಂಸ್ಥೆಯನ್ನು 2002ರಲ್ಲಿ 25.564ನೇ ಕಾನೂನಿನ ಮೂಲಕ ಸ್ಥಾಪಿಸಲಾಯಿತು, ಹಸಿ ಎಲೆಗೂ ಒಣಗಿಸಿದ ಒರಟು ಎಲೆಗೂ ಬೆಲೆ ನಿಗದಿಪಡಿಸುವ ಅಧಿಕಾರ ಅದಕ್ಕಿತ್ತು. ಡಿಸೆಂಬರ್ 2023ರಲ್ಲಿ ಬಂದ 70/2023 ಸಂಖ್ಯೆಯ ಆದೇಶ ಆ ಅಧಿಕಾರವನ್ನು ತೆಗೆದುಹಾಕಿತು. ಆಮೇಲೆ ತಮಗೆ ಸಿಗುವ ಬೆಲೆ ಸಾಲದೆಂದು ಬೆಳೆಗಾರರು ಪ್ರತಿಭಟಿಸಿದ್ದಾರೆ. ಅದೇ ತಿಂಗಳು ಡಾಲರಿಗೆ ಸುಮಾರು 366 ಪೆಸೊ ಇದ್ದ ಅಧಿಕೃತ ವಿನಿಮಯ ದರ 800ಕ್ಕೆ ಹೋಯಿತು. ಇಷ್ಟೆಲ್ಲ ಆದರೂ ವಿದೇಶಿ ಅಂಗಡಿಯ ಬೆಲೆ ಅದಕ್ಕೆ ತಕ್ಕಂತೆ ಇಳಿಯಲಿಲ್ಲವೇಕೆ ಎಂದರೆ, ರಫ್ತು ವ್ಯವಹಾರ ಡಾಲರಿನಲ್ಲಿ ನಡೆಯುತ್ತದೆ, ಮತ್ತು ಒಂದು ಕಿಲೋ ಯೆರ್ಬಾಕ್ಕೆ ಬೇಕಾಗುವ ಸುಮಾರು ಮೂರು ಕಿಲೋ ಹಸಿ ಎಲೆಗೆ ಬೆಳೆಗಾರನಿಗೆ ಸಿಗುವ ಹಣ ಸಾಗರದಾಚೆಯ ಅಂಗಡಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು. ಉಳಿದದ್ದೆಲ್ಲ ಒಣಗಿಸುವಿಕೆ, ಗೋದಾಮು, ಪೊಟ್ಟಣ, ಹಡಗು, ಸುಂಕ, ಆಮದುದಾರನ ಮತ್ತು ಅಂಗಡಿಯವನ ಲಾಭ. ಬ್ಯೂನಸ್ ಐರಿಸ್‌ನ ಸೂಪರ್ ಮಾರ್ಕೆಟ್ ಬೆಲೆಯನ್ನು ತೋರಿಸಿ ನಮ್ಮನ್ನು ಸುಲಿಯುತ್ತಿದ್ದಾರೆ ಎಂದು ದೂರುವವರು ಈ ಸರಪಳಿಯನ್ನು ಗಮನಿಸಬೇಕೆಂದು ನನ್ನ ಪ್ರಾರ್ಥನೆ.

ಎಲೆಯನ್ನು ಕೊಯ್ಯುವ ಕೂಲಿಗಳನ್ನು ಅಲ್ಲಿ 'ತಾರೆಫೆರೊ' ಎಂದು ಕರೆಯುತ್ತಾರೆ. ಹೆಚ್ಚಿನ ಕೊಯ್ಲು ಇಂದಿಗೂ ಅವರ ಕೈಯಿಂದಲೇ ನಡೆಯುತ್ತದೆ. ಬೆಳೆಗಾರರ ಸಹಕಾರ ಸಂಘಗಳು ತಯಾರಿಸುವ ಬ್ರ್ಯಾಂಡ್‌ಗಳೂ ಇವೆ: ಪ್ಲಾಯಾದಿತೊ ಕೊಲೋನಿಯಾ ಲೀಬಿಗ್‌ನ ಸಹಕಾರ ಸಂಘದ್ದು, ಪಿಪೊರೆ ಸಾಂತೊ ಪಿಪೊದ ಸಂಘದ್ದು. ಲಾಭ ಬೆಳೆಗಾರರ ಕಡೆಗೆ ಹೋಗಲಿ ಎಂದು ಬಯಸುವವರು ಬೆಲೆ ಸರಿಸಮವಾಗಿದ್ದಾಗ ಇಂಥವನ್ನು ಆರಿಸಿಕೊಳ್ಳಬಹುದು. ನಾನು ಸ್ವಲ್ಪ ಹೆಚ್ಚು ತೆತ್ತಾದರೂ ಅವನ್ನೇ ಕೊಳ್ಳುತ್ತೇನೆ.

ಲೆಕ್ಕಿಗ

ಗಡಿಯಾಚೆಯವರ ಮಾಹಿತಿಗೆ ಕೃತಜ್ಞತೆಗಳು. ಸಾವಯವ ಪ್ರಮಾಣಪತ್ರವಿರುವ ಅಥವಾ ಹೊಗೆ ತಾಗದಂತೆ ಒಣಗಿಸಿದ ಯೆರ್ಬಾಕ್ಕೆ ಕೊಡುವ ಹೆಚ್ಚುವರಿ ಹಣವನ್ನೂ ಇದೇ ರೀತಿ ಪಟ್ಟಿಯ ಹೊರಗೆ, ಬೇಕೆಂದೇ ಮಾಡುವ ಖರ್ಚು ಎಂದು ಬರೆದಿಡುವುದು ಸೂಕ್ತ. ಅದನ್ನು ಸಾಧಾರಣ ಯೆರ್ಬಾದ ಬೆಲೆಯ ಪಕ್ಕದಲ್ಲಿಟ್ಟು ದುಬಾರಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಕಹಿಪ್ರಿಯ

ನಿಮ್ಮೆಲ್ಲರ ಸಲಹೆಯಂತೆ ಪಟ್ಟಿಯನ್ನು ಒಡೆದು ಮತ್ತೆ ಬರೆಯುತ್ತಿದ್ದೇನೆ: ಮಾಗಿದ ಕಡ್ಡಿಸಹಿತ, ಮಾಗಿದ ಕಡ್ಡಿರಹಿತ, ಪರಾಗ್ವೆಯ ಒರಟು, ಬ್ರೆಜಿಲ್ಲಿನ ಹಸಿರು, ಎಂದು ನಾಲ್ಕು ಗುಂಪು. ಪ್ರತಿಯೊಂದರಲ್ಲೂ ಒಂದು ಕಿಲೋ ಮತ್ತು ಎರಡು ಕಿಲೋ ತರಿಸಿದಾಗ ಮನೆಗೆ ಬೀಳುವ ಬೆಲೆ ಮತ್ತು ಅವಧಿಯ ದಿನಾಂಕ ಇರುತ್ತವೆ. ಲೀಟರಿನ ಅಳತೆಯನ್ನು ಪೊಟ್ಟಣ ತೆರೆದಂತೆಲ್ಲ ತುಂಬುತ್ತ ಹೋಗುತ್ತೇನೆ. ಕನಾರಿಯಾಸ್ ಉರುಗ್ವೆಯ ಬ್ರ್ಯಾಂಡ್ ಆದರೂ ಅದರ ಎಲೆ ಬ್ರೆಜಿಲ್‌ನಿಂದ ಬರುತ್ತದೆ, ಅದನ್ನು ಯಾವ ಗುಂಪಿಗೆ ಸೇರಿಸಲಿ? ಹೆಚ್ಚು ಕೊಂಡರೆ ಅಗ್ಗವಾಗುವುದರಿಂದ ಎರಡು ಕಿಲೋ ಒಟ್ಟಿಗೆ ತರಿಸಿದಾಗ ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನೂ ತಿಳಿಸಿ.

ತಂಪುನೀರು

ಕನಾರಿಯಾಸ್ ಅನ್ನು ಕಡ್ಡಿರಹಿತದ ಗುಂಪಿಗೆ ಸೇರಿಸಿ, ಪಕ್ಕದಲ್ಲಿ 'ನುಣುಪು' ಎಂದು ಗುರುತು ಹಾಕಿ. ಎಲೆ ಬ್ರೆಜಿಲ್ಲಿನದಾದರೂ ಕುಡಿಯುವ ಅನುಭವದಲ್ಲಿ ಅದು ಶಿಮರ‍್ರಾವ್‌ಗೆ ಹತ್ತಿರವಲ್ಲ.

ಕಾಪಾಡುವ ವಿಷಯ: ಒಂದು ಕಿಲೋದ ಎರಡು ಪೊಟ್ಟಣಗಳಿಗಿಂತ ಅರ್ಧ ಕಿಲೋದ ನಾಲ್ಕು ಪೊಟ್ಟಣಗಳು, ಬೆಲೆಯಲ್ಲಿ ಅಲ್ಪ ವ್ಯತ್ಯಾಸವಿದ್ದರೂ, ನಿಧಾನವಾಗಿ ಕುಡಿಯುವವರಿಗೆ ಉತ್ತಮ, ಏಕೆಂದರೆ ತೆರೆಯದ ಪೊಟ್ಟಣ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ತೆರೆದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಸಾಬೂನು, ಮಸಾಲೆ, ಕಾಫಿಪುಡಿಗಳ ಹತ್ತಿರ ಮಾತ್ರ ಇಡಬೇಡಿ, ಯೆರ್ಬಾ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಸಿರು ಮಾಟೆಯ ನಿರ್ವಾತ ಪೊಟ್ಟಣಗಳನ್ನು ಫ್ರಿಜ್‌ನಲ್ಲಿಟ್ಟರೆ ಬಣ್ಣ ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ಹೊರತೆಗೆದ ಕೂಡಲೇ ಕತ್ತರಿಸದೆ ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಿರಿ, ಇಲ್ಲದಿದ್ದರೆ ತಣ್ಣನೆಯ ಎಲೆಯ ಮೇಲೆ ತೇವ ಕೂರುತ್ತದೆ.